ಹಳದಿ ಗಾಡಿ ನಿಲ್ಲುವ ದೃಶ್ಯ

ಸಿನಿಮಾ ಎಂಬತ್ತನಾಲ್ಕು ನಿಮಿಷದ್ದು. ಮಂಗಳವಾರ ಬೆಳಿಗ್ಗೆ ಗೋರೆಗಾಂವಿನ ಸ್ಟುಡಿಯೋ ಮೆಟ್ಟಿಲು ಹತ್ತಿ ಊಟದ ಡಬ್ಬಿ ಕೆಳಗಿಡುವ ಮೊದಲೇ ಮ್ಯಾನೇಜರ್ ಹುಡುಗ ಹೆಡ್‌ಫೋನ್ ಕೈಗೆ ಕೊಟ್ಟ. "ಆಂಟಿ, ಇದು ಭಾರೀ ಈಸಿ ಉಂಟು. ಕಾಡು, ಮೊಲ, ಒಂದು ಗಾಡಿ. ಶುಕ್ರವಾರ ರಿಪೋರ್ಟ್ ಕೊಟ್ಟುಬಿಡಿ, ಆಯ್ತಾ?" ಅವನ ತಂದೆ ತಾಯಿ ಉಡುಪಿ ಕಡೆಯವರು. ಅವನು ಹುಟ್ಟಿ ಬೆಳೆದದ್ದು ಇಲ್ಲೇ. ನನ್ನ ಜೊತೆ ಮಾತ್ರ ಕಷ್ಟಪಟ್ಟು ಕನ್ನಡ ಆಡುತ್ತಾನೆ, ಅದಕ್ಕೇ ನನಗೆ ಅವನ ಮೇಲೆ ಸ್ವಲ್ಪ ಮಮತೆ.

ಬೇರೆ ದೇಶಗಳಲ್ಲಿ ತಯಾರಾದ ಕಾರ್ಟೂನ್ ಸಿನಿಮಾಗಳಿಗೆ ನಮ್ಮ ಭಾಷೆಗಳ ಮಾತು ಕೂಡಿಸಿ, ಟಿವಿ ಮತ್ತು ಫೋನುಗಳ ಮಕ್ಕಳ ವಿಭಾಗಕ್ಕೆ ಕೊಡುವ ಸ್ಟುಡಿಯೋ ಅದು. ಕನ್ನಡದ ಪ್ರತಿ ಸಿದ್ಧವಾದ ಮೇಲೆ ಅದನ್ನು ನೋಡಿ, ಯಾವ ವಯಸ್ಸಿನ ಮಕ್ಕಳಿಗೆ ತೋರಿಸಬಹುದು ಎಂದು ವರದಿ ಬರೆಯುವುದು ನನ್ನ ಕೆಲಸ. ವರದಿಯ ಫಾರ್ಮಿನಲ್ಲಿ ಐದು ಸಾಲು: ಹಿಂಸೆ, ಭಯ, ದುಃಖ, ಭಾಷೆ, ಅನುಕರಣೆ. ಪ್ರತಿ ಸಾಲಿನಲ್ಲೂ ಎಷ್ಟನೇ ನಿಮಿಷ, ಏನು ಕಾಣುತ್ತದೆ, ಸೊನ್ನೆಯಿಂದ ಮೂರರವರೆಗೆ ಎಷ್ಟು ತೀವ್ರ ಎಂದು ತುಂಬಬೇಕು. ಕೊನೆಯ ಸಾಲಾದ ಅನುಕರಣೆ ಎಂದರೆ ಮಗು ನೋಡಿ ಕಲಿತು, ಮಾಡಿ, ಪೆಟ್ಟು ಮಾಡಿಕೊಳ್ಳಬಹುದಾದದ್ದು. ಕೊಡೆ ಹಿಡಿದು ಮಾಳಿಗೆಯಿಂದ ಹಾರುವುದು, ಅಡಗಲು ಕಪಾಟಿನೊಳಗೆ ಹೋಗಿ ಬಾಗಿಲು ಎಳೆದುಕೊಳ್ಳುವುದು, ಅಂಥವು.

ನಾನು ಪ್ರತಿ ಸಿನಿಮಾವನ್ನೂ ಮೂರು ರೀತಿ ನೋಡುತ್ತೇನೆ. ಮೊದಲು ಸುಮ್ಮನೆ, ಎಲ್ಲರ ಹಾಗೆ. ಎರಡನೇ ಸಲ ಪರದೆಗೆ ಬೆನ್ನು ಹಾಕಿ ಬರೀ ಶಬ್ದ ಕೇಳುತ್ತೇನೆ. ಸಣ್ಣ ಮಕ್ಕಳು ಚಿತ್ರಕ್ಕಿಂತ ಹೆಚ್ಚು ಶಬ್ದಕ್ಕೆ ಹೆದರುತ್ತಾರೆ ಎಂಬುದು ನನ್ನ ಅನುಭವ. ರಾಕ್ಷಸನನ್ನು ನೋಡಿ ನಗುವ ಮಗು ಬಾಗಿಲು ಕಿರ್ ಎಂದರೆ ಅಳುತ್ತದೆ. ಮೂರನೇ ಸಲ ಮಕ್ಕಳ ಜೊತೆ. ಆಗಲೂ ನಾನು ಪರದೆ ನೋಡುವುದಿಲ್ಲ, ಅವರ ಮುಖ ನೋಡುತ್ತೇನೆ.

ಕಥೆ ಹೀಗಿತ್ತು. ಕಾಡಿನ ಅಂಚಿಗೆ ಮಣ್ಣು ತೋಡುವ ಒಂದು ಹಳದಿ ಯಂತ್ರ ಬರುತ್ತದೆ. ಅದಕ್ಕೆ ಎರಡು ದೊಡ್ಡ ಕಣ್ಣು, ಉದ್ದ ರೆಪ್ಪೆ, ಮಾತಾಡುವ ಬಾಯಿ. ಪ್ರಾಣಿಗಳ ಮನೆಗಳನ್ನು ಒಂದೊಂದಾಗಿ ಕೆಡವುತ್ತ ಬರುತ್ತದೆ. ಅರವತ್ತೆಂಟನೇ ನಿಮಿಷದಲ್ಲಿ ಒಂದು ಮೊಲದ ಮರಿ ತನ್ನ ಬಿಲದ ಎದುರು ಎರಡೂ ಕೈ ಚಾಚಿ ನಿಲ್ಲುತ್ತದೆ. ಯಂತ್ರದ ತೋಳು ಗಾಳಿಯಲ್ಲೇ ತಡೆದು ನಿಲ್ಲುತ್ತದೆ, ಕಣ್ಣು ತುಂಬಿ ಬರುತ್ತದೆ. ಅಲ್ಲಿಂದ ಮುಂದೆ ಅದು ಕಾಡಿನ ಗೆಳೆಯ. ಮೊದಲ ಸಲ ನೋಡಿದಾಗ ನಾನೂ ಸೆರಗಿನಿಂದ ಕಣ್ಣೊರೆಸಿಕೊಂಡೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದನ್ನೂ ಬರೆದಿಟ್ಟಿದ್ದೇನೆ.

ಮೂರನೇ ನೋಟಕ್ಕೆ ಕನ್ನಡ ಬಲ್ಲ ಮಕ್ಕಳು ಬೇಕು. ಈ ಊರಿನಲ್ಲಿ ಅದೇ ಕಷ್ಟ. ಪಾರ್ಲೆಯ ನಮ್ಮ ಬಿಲ್ಡಿಂಗಿನಲ್ಲಿ ನಾಲ್ಕು ಕನ್ನಡದ ಮನೆಗಳಿವೆ. ಆ ಮಕ್ಕಳಿಗೆ ಅಜ್ಜಿ ಬೈದದ್ದು ತಿಳಿಯುತ್ತದೆ, ಸಿನಿಮಾದ ಮಾತು ತಿಳಿಯುವುದಿಲ್ಲ. ಹಿಂದೊಮ್ಮೆ ಮಾಟುಂಗದ ಕನ್ನಡ ತರಗತಿಯ ಮಕ್ಕಳಿಗೆ ತೋರಿಸಿದ್ದೆ. ಹತ್ತೇ ನಿಮಿಷಕ್ಕೆ ಒಬ್ಬಳು ನನ್ನ ಕಿವಿಯ ಹತ್ತಿರ ಬಂದು, "ಆಂಟಿ, ಹಿಂದೀ ಮೇ ನಹೀ ಹೈ ಕ್ಯಾ?" ಎಂದು ಕೇಳಿದ್ದಳು. ಹಾಗಾಗಿ ವರ್ಷದಿಂದ ನಾನು ಹೋಗುತ್ತಿದ್ದದ್ದು ಗೋರೆಗಾಂವ್ ಪೂರ್ವದ ಒಂದು ಟವರ್ ಕಟ್ಟುವ ಜಾಗದ ಬಾಲವಾಡಿಗೆ. ಯಾದಗಿರಿ, ವಿಜಯಪುರದ ಕಡೆಯಿಂದ ಬಂದ ಗಾರೆ ಕೆಲಸದವರು ಅಲ್ಲಿ ತಗಡಿನ ಶೆಡ್ಡುಗಳಲ್ಲಿ ಇದ್ದರು. ಅವರ ಮಕ್ಕಳ ಬಾಯಲ್ಲಿ ನನ್ನ ತಾಯಿಯ ಊರಿನ ಮಾತೇ ಇತ್ತು. ನಾನೂ ಅವರೊಡನೆ ಹಾಗೇ ಮಾತಾಡುತ್ತಿದ್ದೆ.

ಗುರುವಾರ ಹನ್ನೊಂದು ಗಂಟೆಗೆ ಸ್ಟುಡಿಯೋದ ಸಣ್ಣ ಪ್ರೊಜೆಕ್ಟರು, ಮನೆಯ ಬಿಳಿ ಬೆಡ್‌ಶೀಟು, ಎರಡು ಪೊಟ್ಟಣ ಬಿಸ್ಕೀಟು ತೆಗೆದುಕೊಂಡು ಹೋದೆ. ಕಿಟಕಿಗೆ ಸಿಮೆಂಟಿನ ಖಾಲಿ ಚೀಲ ಕಟ್ಟಿ ಕತ್ತಲು ಮಾಡಿದೆವು. ಹದಿನೇಳು ಮಕ್ಕಳು. ಪೋಷಕರ ಒಪ್ಪಿಗೆಯ ಫಾರ್ಮು ಒಬ್ಬೊಬ್ಬರಿಗೆ ಒಂದೊಂದು ಬೇಕು ಎಂಬುದು ಕಂಪನಿಯ ನಿಯಮ. ತಾಯಂದಿರೆಲ್ಲ ಆ ಹೊತ್ತಿಗೆ ಹತ್ತನೇ ಮಹಡಿಯಲ್ಲಿ ಇಟ್ಟಿಗೆ ಹೊರುತ್ತಿರುತ್ತಾರೆ. ಯಾವತ್ತಿನಂತೆ ಬಾಲವಾಡಿಯ ಟೀಚರ್ ಹತ್ತಿರ ಒಂದೇ ಹಾಳೆಗೆ ಸಹಿ ಮಾಡಿಸಿಕೊಂಡೆ. ಆಕೆ ಮರಾಠಿಯವಳು, ಮಕ್ಕಳಿಂದ ಕನ್ನಡ ಕಲಿತಿದ್ದಳು.

ನಾನು ಬೋರಲು ಹಾಕಿದ ಬಣ್ಣದ ಡಬ್ಬದ ಮೇಲೆ, ಪರದೆಗೆ ಬೆನ್ನು ಕೊಟ್ಟು ಕೂತೆ. ಪುಸ್ತಕದಲ್ಲಿ ಮಗುವಿಗೊಂದರಂತೆ ಹದಿನೇಳು ಸೊನ್ನೆ ಬರೆದು, ಯಾರು ಎಲ್ಲಿ ಕೂತಿದ್ದಾರೆಂದು ಗುರುತು ಹಾಕಿದೆ. ಹೆದರಿದ ಮಗು ಹೆದರಿದೆನೆಂದು ಹೇಳುವುದಿಲ್ಲ. ಹೆಬ್ಬೆರಳು ಬಾಯಿಗೆ ಹಾಕುತ್ತದೆ, ಪಕ್ಕದವರ ಅಂಗಿ ಹಿಡಿಯುತ್ತದೆ, ಬಾಗಿಲು ನೋಡುತ್ತದೆ, ಉಚ್ಚೆಗೆ ಹೋಗಬೇಕೆನ್ನುತ್ತದೆ. ಇಪ್ಪತ್ತೆರಡನೇ ನಿಮಿಷದ ಬಾವಲಿಗಳ ಗುಹೆಯಲ್ಲಿ ಇಬ್ಬರು ಅಂಗಿ ಹಿಡಿದರು. ನಲವತ್ತೊಂದರ ಪ್ರವಾಹದಲ್ಲಿ ಒಬ್ಬನಿಗೆ ಉಚ್ಚೆ ಬಂತು.

ಆರನೇ ಸೊನ್ನೆಯ ಹುಡುಗಿಗೆ ಏಳು ವರ್ಷ. ಯಾವಾಗಲೂ ತೊಡೆಯ ಮೇಲೆ ತಮ್ಮ ಇರುತ್ತಿದ್ದ. ಮೊಲ ಕೈ ಚಾಚಿ ನಿಂತಾಗ ಇಡೀ ಶೆಡ್ಡು ಮಾತಿಲ್ಲದೆ ಕೂತಿತು. ಯಂತ್ರ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹುಡುಗಿ ತಮ್ಮನನ್ನು ಚಾಪೆಯ ಮೇಲಿಟ್ಟು ಎದ್ದು ನಿಂತಳು.

ಸಿನಿಮಾ ಮುಗಿದ ಮೇಲೆ ನಾನು ಮಾತಾಡಿಸುತ್ತೇನೆ. ಅದಕ್ಕೊಂದು ಕಟ್ಟುನಿಟ್ಟು ಇದೆ: ಮಕ್ಕಳು ಏನು ಹೇಳಿದರೂ ತಿದ್ದಬಾರದು. ಕೇಳಿದರೆ ಉತ್ತರ ಕೊಡಬಾರದು, ಪ್ರಶ್ನೆಯನ್ನು ಅವರಿಗೇ ತಿರುಗಿಸಬೇಕು. ಪರೀಕ್ಷಿಸುವವರು ಪಾಠ ಹೇಳಿಕೊಟ್ಟರೆ ಮಗು ಸಿನಿಮಾದಿಂದ ಏನು ತೆಗೆದುಕೊಂಡಿತೆಂದು ಗೊತ್ತಾಗುವುದಿಲ್ಲ.

"ಗಾಡಿಗೆ ಎಲ್ಲ್ಯರ ಕಣ್ಣ ಇರ್ತಾವೇನ್ರಿ?" ಎಂದ ಒಬ್ಬ ಹುಡುಗ.

"ಇರ್ತಾವಲೇ. ಲೈಟ್ ಅಂದ್ರ ಕಣ್ಣ," ಇನ್ನೊಬ್ಬ ಅಂದ.

"ಹಂಗಾರ ನಮ್ಮಪ್ಪನ ಸೈಕಲ್ಲು ಕುರುಡ!"

ಎಲ್ಲರೂ ನಕ್ಕರು. ಆರನೇ ಸೊನ್ನೆಯ ಹುಡುಗಿ ನಗಲಿಲ್ಲ. "ಟೀಚರ್ರ, ಎದುರ ನಿಂತ್ರ ನಿಲ್ತದೇನ್ರಿ?" ಎಂದು ನನ್ನನ್ನು ಕೇಳಿದಳು.

"ನಿನಗ ಏನನಸ್ತದವಾ?"

ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ನಿಲ್ತದ್ರಿ."

"ಶಾಣ್ಯಾಕಿ," ಎಂದು ಮೆಚ್ಚಿ ಬಿಸ್ಕೀಟು ಕೊಟ್ಟು, ಮಾತನ್ನು ಹಾಗೇ ಪುಸ್ತಕಕ್ಕೆ ಇಳಿಸಿ ಮುಂದಿನ ಮಗುವಿನ ಕಡೆ ತಿರುಗಿದೆ.

ಶುಕ್ರವಾರ ವರದಿ ಕೊಟ್ಟೆ. ಭಯ: ಒಂದು. ದುಃಖ: ಒಂದು. ಅನುಕರಣೆಯ ಸಾಲಿನಲ್ಲಿ, ಮೊಲ ಹಲಗೆಯ ಮೇಲೆ ಹೊಳೆಗೆ ಇಳಿಯುವುದನ್ನು ಮಾತ್ರ ಬರೆದು ಒಂದು ಹಾಕಿದೆ. ಅರವತ್ತೆಂಟನೇ ನಿಮಿಷಕ್ಕೆ, ಷರಾದಲ್ಲಿ, "ಒಳ್ಳೆಯ ಸಂದೇಶ: ಧೈರ್ಯ. ಮಕ್ಕಳಿಗೆ ಅತಿ ಮೆಚ್ಚುಗೆಯಾದ ದೃಶ್ಯ" ಎಂದು ಬರೆದೆ. ಎಲ್ಲ ವಯಸ್ಸಿಗೂ ಸೂಕ್ತ. ಸಹಿ. ಮ್ಯಾನೇಜರ್ ಹುಡುಗ, "ಕ್ಲೀನ್ ರಿಪೋರ್ಟ್ ಆಂಟಿ, ಸೂಪರ್," ಅಂದ. ಸಿನಿಮಾ ದೀಪಾವಳಿ ರಜೆಗೆ ಬರುವುದಿತ್ತು. ಇನ್ನೂ ತಿಂಗಳಿತ್ತು.

ಅದರ ಮುಂದಿನ ವಾರದ ಶನಿವಾರ ಮಧ್ಯಾಹ್ನ ಅನ್ನಕ್ಕೆ ಎಸರಿಟ್ಟಿದ್ದೆ. ಬಾಲವಾಡಿ ಟೀಚರ್ ಫೋನು ಬಂತು. ಟವರಿನ ಕೆಲಸ ಮುಗಿಯುತ್ತ ಬಂದಿತ್ತು, ಶೆಡ್ಡು ಖಾಲಿ ಮಾಡಿ ಎಂದು ಕಂತ್ರಾಟುದಾರ ಹೇಳಿದ್ದ. ಸೋಮವಾರ ಎಂದಿದ್ದವನು ಶನಿವಾರವೇ ಯಂತ್ರ ತಂದ. ಆರನೇ ಸೊನ್ನೆಯ ಹುಡುಗಿಗೆ ಪೆಟ್ಟಾಗಿತ್ತು. "ಬಹುತ್ ಲಗಾ ಹೈ, ತಾಯಿ," ಎಂದಳು, ಆಮೇಲೆ ಆಸ್ಪತ್ರೆ ಯಾವುದೆಂದು ಹೇಳಿದಳು. ನಾನು ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಜೋಗೇಶ್ವರಿ ದಾಟುವಾಗ ನೆನಪಾಗಿ, ಲೋಕಲ್ ರೈಲಿನಿಂದಲೇ ಪಕ್ಕದ ಮನೆಯವರಿಗೆ ಫೋನು ಮಾಡಿದೆ.

ನೋಡಲು ಬಿಡುವ ಹೊತ್ತು ನಾಲ್ಕರಿಂದ ಆರು. ಹುಡುಗಿಯ ತಾಯಿ ವರಾಂಡದ ನೆಲದ ಮೇಲೆ, ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಕೂದಲಿಗೆಲ್ಲ ಸಿಮೆಂಟಿನ ದೂಳು. ನನ್ನನ್ನು ನೋಡಿ ಸೆರಗು ಸರಿಪಡಿಸಿಕೊಂಡು, ಕೂರಲು ಜಾಗ ಬಿಟ್ಟಳು.

"ಅರ್ಧ ಪಾದ ತಗದಾರ್ರೀ ಬಾಯಾರ," ಅಂದಳು. "ಬಲಗಾಲು."

ನಾನು ಅವಳ ಕೈ ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ.

"ಮನೀ ಸಾಮಾನ ಎಲ್ಲಾ ಹೊರಗ ಬಂದಿತ್ರಿ. ಪೆಟಗಿ, ಸಿಲಿಂಡರ, ಕೂಸಿನ ಜೋಳಿಗಿ. ಒಳಗ ಒಂದ ಚಮಚಾ ಸೈತ ಇರಲಿಲ್ಲ. ನಾ ಪೆಟಗಿ ಕಾಯ್ಕೋತ ಕುಂತಿದ್ದೆ. ಅಂಥಾ ಖಾಲಿ ತಗಡಿನ ಮುಂದ ಹೋಗಿ ನಿಂತಾಳ್ರಿ. ಎರಡೂ ಕೈ ಹಿಂಗ ಚಾಚಿ." ಅವಳು ತೋರಿಸಲು ಕೈ ಎತ್ತಿದಳು, ತೊಡೆಯ ಮೇಲಿನ ಮಗು ಜಾರಿತು, ಕೈ ಇಳಿಸಿದಳು. "ಗಾಡಿಯಂವಗ ಕಂಡಿಲ್ಲ. ಬಾಜೂ ಗ್ವಾಡಿಗಿ ಕೈ ಹಾಕ್ಯಾನ, ಅದು ಕಬ್ಬಿಣದ ಪಟ್ಟಿ ಸಮೇತ ಈಕೀ ಕಾಲ ಮ್ಯಾಲ ಬಿದ್ದದ."

ನಾನು ಜಾರಿದ ಮಗುವನ್ನು ಅವಳ ತೊಡೆಗೆ ಸರಿಸಿದೆ.

"ಯಾಕ ನಿಂತಳೋ ತಿಳೀವಲ್ದು ಬಾಯಾರ. ನಮ್ಮಾಕಿ ಅಂಜುಬುರುಕಿ. ನಾಯಿ ಕಂಡ್ರ ನನ್ನ ಸೀರಿಯೊಳಗ ಹೊಕ್ಕೋತಾಳ. ಅಂಥಾಕಿ ಗಾಡಿ ಮುಂದ ನಿಲ್ಲೂದಂದ್ರ..." ಅವಳು ನನ್ನ ಮುಖ ನೋಡಿದಳು. ಉತ್ತರ ನನ್ನ ಹತ್ತಿರ ಇರಬಹುದೆಂದು ನೋಡಿದ್ದಲ್ಲ, ಎದುರಿಗೆ ಇದ್ದವಳು ನಾನು, ಅಷ್ಟೇ. ನನಗೆ ಉತ್ತರ ಗೊತ್ತಿತ್ತು. "ಮಕ್ಕಳು," ಎಂದೆ. ಅಷ್ಟೇ ಎಂದೆ. ಕ್ಯಾಂಟೀನಿನಿಂದ ಚಹಾ ಮತ್ತು ಮಗುವಿಗೆ ಹಾಲು ತಂದುಕೊಟ್ಟು ಮನೆಗೆ ಬಂದೆ.

ಬಂದು ಪುಸ್ತಕ ತೆಗೆದೆ. ಹದಿನೇಳು ಸೊನ್ನೆ. ಆರರ ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ: "68. ತಮ್ಮನನ್ನು ಕೆಳಗಿಟ್ಟು ಎದ್ದು ನಿಂತಳು. ಸಂತೋಷ." ಅದರ ಕೆಳಗೆ ಅವಳ ಪ್ರಶ್ನೆ, ಅವಳ ಉತ್ತರ. "ಶಾಣ್ಯಾಕಿ" ಎಂದು ನಾನು ಅಂದದ್ದು ಅದರಲ್ಲಿ ಇರಲಿಲ್ಲ. ನನ್ನ ಮಾತು ಬರೆದುಕೊಳ್ಳುವ ರೂಢಿ ನನಗಿಲ್ಲ.

ಭಾನುವಾರ ಮತ್ತೆ ಸಿನಿಮಾ ಹಾಕಿದೆ. ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮೊಲ ಕೈ ಚಾಚಿದ ಕ್ಷಣದಿಂದ ಯಂತ್ರ ನಿಲ್ಲುವವರೆಗೆ ಹನ್ನೊಂದು ಸೆಕೆಂಡು. ಅಷ್ಟೂ ಹೊತ್ತು ಸಂಗೀತ ಮೇಲೇರುತ್ತದೆ. ಅದು ಭಯದ ಸಂಗೀತವಲ್ಲ, ಗೆಲ್ಲುವ ಸಂಗೀತ. ಕ್ಯಾಮೆರಾ ಮೊಲದ ಬೆನ್ನ ಹಿಂದೆ ಇದೆ, ಅಂದರೆ ನೋಡುವ ಮಗು ನಿಂತಿರುವುದು ಮೊಲದ ಜಾಗದಲ್ಲೇ. ಯಂತ್ರದ ಕಣ್ಣು ನೇರವಾಗಿ ಆ ಮಗುವನ್ನೇ ನೋಡುತ್ತದೆ. ಆರನೇ ಸಲ ನೋಡುವಾಗ ಇನ್ನೊಂದು ಕಂಡಿತು. ಯಂತ್ರದ ಗಾಜಿನ ಕೋಣೆ ಖಾಲಿ. ಸೀಟು ಇದೆ, ಹಿಡಿಗಳಿವೆ, ನಡೆಸುವವನು ಇಲ್ಲ. ಇಡೀ ಸಿನಿಮಾದಲ್ಲಿ ಎಲ್ಲೂ ಇಲ್ಲ. ಕೆಡವುವ ಯಂತ್ರ ತಾನೇ ಬಂದು, ತಾನೇ ಮನಸ್ಸು ಬದಲಿಸಿ, ತಾನೇ ನಿಲ್ಲುತ್ತದೆ. ಬಾವಲಿ ಎಷ್ಟನೇ ನಿಮಿಷದಲ್ಲಿ ಬರುತ್ತದೆಂದು ಬರೆದವಳಿಗೆ ಇದು ಕಂಡಿರಲಿಲ್ಲ.

ಸೋಮವಾರ ಮ್ಯಾನೇಜರ್ ಹುಡುಗನಿಗೆ ಹೇಳಿದೆ. ಬಾಗಿಲು ಹಾಕಿಕೊಂಡು ಪೂರ್ತಿ ಕೇಳಿದ. ಮುಖ ಬಿಳುಚಿಕೊಂಡಿತು.

"ಆಂಟಿ, ನೀವು ಕೂತುಕೊಳ್ಳಿ. ನೀರು ಕುಡೀರಿ. ಇದು ಸೈಟ್ ಆಕ್ಸಿಡೆಂಟ್. ನಿಮ್ಮ ಮೇಲೆ ಯಾಕೆ ಹಾಕ್ಕೊಳ್ತೀರಿ?"

"ವರದಿ ವಾಪಸು ಕೊಡಿ. ತಿದ್ದಬೇಕು."

"ಏನಂತ ತಿದ್ದುದು? ಬೆಂಕಿ, ಹೊಳೆ, ಟೆರೇಸ್, ಎಲ್ಲಾ ಮಕ್ಕಳ ಸಿನಿಮಾದಲ್ಲಿ ಉಂಟು. ಒಂದು ಮಗು ಮಾಡ್ತು ಅಂತ ಎಲ್ಲರಿಗೆ ಬಂದ್ ಮಾಡ್ಲಿಕ್ಕೆ ಆಗ್ತದಾ? ಯಾವ ಮಗು ಬುಲ್ಡೋಜರ್ ಎದುರು ಹೋಗ್ತದೆ, ಹೇಳಿ."

"ಯಾರ ಮನೆಗೆ ಬುಲ್ಡೋಜರ್ ಬರ್ತದೋ ಆ ಮಗು."

ಅವನು ಪೆನ್ನು ತಿರುಗಿಸುತ್ತ ಕೂತ. ಆಮೇಲೆ ದನಿ ತಗ್ಗಿಸಿ ಒಂದು ದಾರಿ ಹೇಳಿದ. ತಾನೇ ಮೇಲಿನವರೊಡನೆ ಮಾತಾಡಿ 'ಎಲ್ಲ ವಯಸ್ಸಿಗೆ' ಎಂಬುದನ್ನು 'ಏಳು ವರ್ಷ ಮೇಲ್ಪಟ್ಟವರಿಗೆ' ಎಂದು ಬದಲಿಸುತ್ತಾನೆ. ಬಾವಲಿ ಗುಹೆಯ ಕಾರಣ ಕೊಡಬಹುದು. ನಾನು ಏನೂ ಬರೆಯುವುದು ಬೇಡ. "ಸ್ಕ್ರೀನಿಂಗ್ ವಿಷಯ ಪೇಪರ್‌ನಲ್ಲಿ ಬಂದ್ರೆ ಫಸ್ಟ್ ಕ್ವೆಶ್ಚನ್ ಕೇಳುದು ನಿಮ್ಮನ್ನೇ. ಕನ್ಸೆಂಟ್ ಎಲ್ಲಿ ಉಂಟು? ಒಂದೇ ಪೇಪರಿಗೆ ಟೀಚರ್ ಸೈನ್. ನಿಮಗೆ ಕೆಲಸ ಕೊಡ್ಲಿಕ್ಕೆ ಬಿಡ್ಲಿಕ್ಕಿಲ್ಲ ಆಂಟಿ. ನಾನು ನಿಮ್ಮ ಒಳ್ಳೇದಕ್ಕೆ ಹೇಳುದು."

ಅವನು ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದ. ನನಗೆ ಆ ದಾರಿ ಬೇಕೆನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಳೆ ಹೇಳುತ್ತೇನೆಂದು ಎದ್ದು ಬಂದೆ. ಸ್ಟೇಷನ್ನಿನಲ್ಲಿ ಎರಡು ಸ್ಲೋ ಲೋಕಲ್ ಹತ್ತದೆ ಬಿಟ್ಟೆ. ಏಳು ವರ್ಷ ಮೇಲ್ಪಟ್ಟವರಿಗೆ. ಆ ಹುಡುಗಿಗೆ ಏಳಾಗಿತ್ತು. ಆ ನಿಯಮದಂತೆಯೇ ತೋರಿಸಿದ್ದರೂ ಅವಳು ಆ ಚಾಪೆಯ ಮೇಲೆ ಕೂತಿರುತ್ತಿದ್ದಳು. ಕಾರಣ ಬರೆಯದೆ ಅಂಕಿ ಬದಲಿಸಿದರೆ ಬಚಾವಾಗುವುದು ನಾನೊಬ್ಬಳೇ.

ಮರುದಿನ ಸ್ಟುಡಿಯೋಗೆ ಹೋಗುವ ಬದಲು ಆಸ್ಪತ್ರೆಗೆ ಹೋದೆ. ತಾಯಿ ಅದೇ ಜಾಗದಲ್ಲಿ ಇದ್ದಳು. ಈ ಸಲ ನಾನು ಕೂರಲಿಲ್ಲ, ನಿಂತೇ ಹೇಳಿದೆ. ಯಾವ ಸಿನಿಮಾ, ಯಾರು ತೋರಿಸಿದ್ದು, ಮೊಲ ಹೇಗೆ ನಿಂತಿತು, ಹುಡುಗಿ ಏನು ಕೇಳಿದಳು, ನಾನು ಏನಂದೆ. ಎಲ್ಲಾ. "ಶಾಣ್ಯಾಕಿ" ಎಂದದ್ದನ್ನೂ.

ಅವಳು ಮಗುವಿನ ಬೆನ್ನು ತಟ್ಟುತ್ತಲೇ ಇದ್ದಳು.

"ಮೊನ್ನಿ ಯಾಕ ಹೇಳಲಿಲ್ರಿ?"

"ಧೈರ್ಯ ಆಗಲಿಲ್ಲ."

"ನಿಮ್ಮಂಥಾವ್ರಿಗೂ ಆಗಲಿಲ್ಲ," ಎಂದಳು. "ನಾ ದುಡಿಯಾಕ ಹೋದಾಗ ನನ್ನ ಮಕ್ಕಳಿಗೆ ಏನೇನ ತೋರಸ್ತೀರಿ ನೀವು? ನಮ್ಮನ್ನ ಒಂದ ಮಾತ ಕೇಳಬಾರದಾ? ನಾ ಆಗಿದ್ರ ಹೇಳತಿದ್ದೆ. ಗಾಡಿ ನಿಲ್ಲೂದಿಲ್ಲವಾ, ಓಡು ಅಂತ ಹೇಳತಿದ್ದೆ. ಒಂದ ಮಾತು ಸಾಕಿತ್ತು."

ಇಷ್ಟು ವರ್ಷ ನಾನು ತುಂಬಿದ ಫಾರ್ಮುಗಳಲ್ಲಿ ಅದಕ್ಕಿಂತ ಸರಿಯಾದ ಷರಾ ಇಲ್ಲ.

ಇದನ್ನೆಲ್ಲ ವರದಿಯಲ್ಲಿ ಬರೆಯಬೇಕೆಂದಿದ್ದೇನೆ, ಬರೆಯಲೇ ಎಂದು ಕೇಳಿದೆ. "ಬರ್ಕೋರಿ. ಆಕೀ ಹೆಸರ ಹಾಕಬ್ಯಾಡ್ರಿ," ಎಂದು ಮುಖ ಆಚೆ ತಿರುಗಿಸಿದಳು.

ಬುಧವಾರ ವರದಿ ಬರೆದೆ. ಅನುಕರಣೆಯ ಸಾಲಿನಲ್ಲಿ ಅರವತ್ತೆಂಟನೇ ನಿಮಿಷಕ್ಕೆ ಮೂರು ಹಾಕಿದೆ. ಅದರ ಜೊತೆ ನಾಲ್ಕು ಪುಟ. ಹನ್ನೊಂದು ಸೆಕೆಂಡಿನ ಲೆಕ್ಕ, ಸಂಗೀತ, ಕ್ಯಾಮೆರಾ ನಿಂತ ಜಾಗ, ಖಾಲಿ ಸೀಟು. ಒಬ್ಬ ಪ್ರೇಕ್ಷಕಿ, ಏಳು ವರ್ಷ, ನೋಡಿದ ಒಂಬತ್ತನೇ ದಿನ ಅದನ್ನೇ ಮಾಡಿದ್ದು, ಏನಾಯಿತೆಂಬುದು. ತೋರಿಸಿದ್ದು ನಾನು, ಪೋಷಕರ ಒಪ್ಪಿಗೆ ಇರಲಿಲ್ಲ, ಮೊದಲ ವರದಿಯ ತಪ್ಪು ನನ್ನದು ಎಂಬುದು. ಎರಡು ಸಲಹೆ ಕೊಟ್ಟೆ. ಒಂದು, ಸಿನಿಮಾ ಶುರುವಾಗುವ ಮೊದಲು ಆಯಾ ಭಾಷೆಯಲ್ಲಿ, ಬಾಯಿಮಾತಿನಲ್ಲಿ ಎಚ್ಚರಿಕೆ. ಇನ್ನೊಂದು, ಆ ದೃಶ್ಯದ ನಂತರ ಯಂತ್ರದ ಬಾಯಿ ಕಾಣದ ಐದು ಸೆಕೆಂಡು ಇವೆ. ಅಲ್ಲಿ ತುಟಿ ಹೊಂದಿಸುವ ತೊಂದರೆ ಇಲ್ಲ, ಒಂದು ಮಾತು ಕೂಡಿಸಬಹುದು. ಮಾತನ್ನೂ ಬರೆದುಕೊಟ್ಟೆ: "ನಾನು ಕಥೆಯ ಗಾಡಿ, ಅದಕ್ಕೇ ನಿಂತೆ. ನಿಜವಾದ ಗಾಡಿ ಕಂಡರೆ ದೂರ ಓಡು." ಗಡಿಯಾರ ಹಿಡಿದು ಹೇಳಿ ನೋಡಿದೆ. ನಾಲ್ಕೂವರೆ ಸೆಕೆಂಡಾಯಿತು.

ಮ್ಯಾನೇಜರ್ ಹುಡುಗ ಓದಿ, "ಕಳಿಸ್ಲೇಬೇಕಾ?" ಎಂದು ಒಂದೇ ಸಲ ಕೇಳಿದ. ಹೂಂ ಅಂದೆ. ನನ್ನೆದುರೇ ಮೇಲಿನವರಿಗೆ ಕಳಿಸಿದ.

ಹತ್ತು ದಿನದ ಮೇಲೆ ಉತ್ತರ ಬಂತು. ದೃಶ್ಯ ಬದಲಾಗದು, ಮೂಲದಲ್ಲಿ ಇಲ್ಲದ ಮಾತು ಸೇರಿಸಲಾಗದು. 'ಎಲ್ಲ ವಯಸ್ಸಿಗೆ' ಎಂಬುದು ಹಾಗೇ ಇರುತ್ತದೆ. ಆರಂಭದಲ್ಲಿ ಒಂದು ಸಾಲಿನ ಎಚ್ಚರಿಕೆ ಹಾಕುತ್ತಾರೆ. ಹಾಕಿದರು. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಪರದೆಯ ಕೆಳಗೆ ಎರಡು ಸೆಕೆಂಡು. ಕೆಲವು ದೃಶ್ಯಗಳಲ್ಲಿ ಯಂತ್ರಗಳಿವೆ ಎಂದು. ದೀಪಾವಳಿ ರಜೆಯಲ್ಲಿ ನಮ್ಮ ಬಿಲ್ಡಿಂಗಿನ ಮಕ್ಕಳೆಲ್ಲ ಅದನ್ನು ಹಿಂದಿಯಲ್ಲಿ ನೋಡಿದರು. ನನಗೆ ಮತ್ತೆ ಸಿನಿಮಾ ಬಂದಿಲ್ಲ. ಮ್ಯಾನೇಜರ್ ಹುಡುಗ ಹಬ್ಬಕ್ಕೆ ಫೋನು ಮಾಡಿದ, ಅಡುಗೆ ಏನು ಎಂದು ಕೇಳಿದ, ಕೆಲಸದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹುಡುಗಿಯನ್ನು ಮನೆಗೆ ಕಳಿಸುವ ಹಿಂದಿನ ದಿನ ಮತ್ತೊಮ್ಮೆ ಆಸ್ಪತ್ರೆಗೆ ಹೋದೆ. ಮನೆ ಎಂದರೆ ನಾಯಗಾಂವ್ ಕಡೆಯ ಬೇರೊಂದು ಕಟ್ಟಡದ ಶೆಡ್ಡು. ತಾಯಿ ನನ್ನ ಕಡೆ ನೋಡದೆ, "ಒಳಗ ಅದಾಳ," ಎಂದಳು. ಹೋಗಬೇಡಿ ಎನ್ನಲಿಲ್ಲ.

ಹುಡುಗಿ ದಿಂಬಿಗೆ ಒರಗಿ ಕೂತಿದ್ದಳು. ಕಾಲಿನ ಮೇಲೆ ಹಾಸ್ಪಿಟಲ್ಲಿನ ಹಸಿರು ಬಟ್ಟೆ. ನನ್ನನ್ನು ಕಂಡು ಮುಖ ಅರಳಿತು. ಅದನ್ನು ನಿರೀಕ್ಷಿಸಿರಲಿಲ್ಲ.

"ಟೀಚರ್ರ, ಆ ಪಿಚ್ಚರ್ ಮತ್ತ ತೋರಸ್ತೀರೇನ್ರಿ?"

"ಯಾಕವಾ?"

"ಮೊಲ ಹ್ಯಾಂಗ ನಿಂತಿತ್ತು ನೋಡಬೇಕ್ರಿ." ಎರಡೂ ಕೈ ಚಾಚಿ ತೋರಿಸಿದಳು. ಒಂದು ಕೈಗೆ ಸೂಜಿಯ ಪಟ್ಟಿ ಇತ್ತು. "ಹಿಂಗ ಅಲ್ಲೇನ್ರಿ? ನಾ ಬಾಜೂಕ ನಿಂತಿದ್ದೆ. ನಟ್ಟ ನಡುವ ನಿಂದ್ರಬೇಕಿತ್ತು. ಅದಕ್ಕ ಅದು ನನ್ನ ನೋಡಲಿಲ್ಲ."

ಇಷ್ಟು ದಿನ ಅವಳು ಅಲ್ಲಿ ಮಲಗಿ ತಾನು ನಿಂತದ್ದರಲ್ಲಿ ಏನು ತಪ್ಪಾಯಿತೆಂದು ಯೋಚಿಸುತ್ತಿದ್ದಳು.

ನಾನು ಹಾಸಿಗೆಯ ಅಂಚಿಗೆ ಕೂತು, ಚೀಲದಿಂದ ಹಾಳೆ ಪೆನ್ಸಿಲ್ ತೆಗೆದು ಯಂತ್ರದ ಚಿತ್ರ ಬರೆದೆ. ನನಗೆ ಚಿತ್ರ ಬರುವುದಿಲ್ಲ. ಆದರೂ ತೋಳು, ಹಲ್ಲಿನ ಬಕೆಟ್ಟು, ಪಟ್ಟಿಯ ಗಾಲಿ, ಗಾಜಿನ ಕೋಣೆ ಬರೆದೆ. ಕಣ್ಣು ಬರೆಯಲಿಲ್ಲ. "ನೀ ತಪ್ಪ ನಿಂತಿಲ್ಲವಾ," ಎಂದೆ. "ತಪ್ಪು ನಂದು. ಅವತ್ತ ನೀ ಕೇಳಿದಾಗ ನಾ ಹೇಳಬೇಕಿತ್ತು. ಗಾಡಿ ನಿಲ್ಲೂದಿಲ್ಲ. ನಡುವ ನಿಂತ್ರೂ ನಿಲ್ಲೂದಿಲ್ಲ. ಅದಕ್ಕ ಕಣ್ಣಿಲ್ಲ. ಪಿಚ್ಚರದಾಗ ಚಿತ್ರ ಬರೆಯೋರು ಬರದಾರ, ಅಷ್ಟ. ಅದು ಕಬ್ಬಿಣ. ಇನ್ನ ಎಲ್ಲಿ ಕಂಡ್ರೂ ದೂರ ಸರೀಬೇಕು. ತಿಳೀತಾ?"

ಅವಳು ಹಾಳೆಯನ್ನು ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಗಾಜಿನ ಕೋಣೆ ಮುಟ್ಟಿದಳು.

"ಇಲ್ಲಿ ಒಬ್ಬಂವ ಕುಂತಿರ್ತಾನಲ್ರಿ. ಅವನ್ನ ಬರದಿಲ್ಲ ನೀವು."

ನಾನು ಪೆನ್ಸಿಲ್ ತೆಗೆದುಕೊಂಡು ಒಂದು ತಲೆ, ಎರಡು ಕೈ ಬರೆದೆ.

"ಇವಗ ಕಣ್ಣ ಇರ್ತಾವಲ್ರಿ?"

"ಇರ್ತಾವ," ಎಂದೆ.